ಕ್ಯಾನ್ಸರ್ ಚಿಕಿತ್ಸೆಯಲ್ಲಿ ದಿನಗಳ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಮಧ್ಯಾಹ್ನ ತರಗತಿ ಮುಗಿದ ಮೇಲೆ ನಮ್ಮ ವಿದ್ಯಾರ್ಥಿಯೊಬ್ಬನು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. ಖಾನಾಪುರ ತಾಲೂಕಿನ ಒಂದು ಹಳ್ಳಿಯ ಹುಡುಗ. ಆತನ ತಾಯಿಗೆ ಬಾಯಿಯ ಕ್ಯಾನ್ಸರು. ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೆ ಐದು ದಿನಗಳಂತೆ ಒಟ್ಟು ೩೩ ಸಲ ವಿಕಿರಣ ಕೊಡಬೇಕೆಂದು ವೈದ್ಯರು ಗೊತ್ತುಮಾಡಿದ್ದರು. ಐದನೆಯ ವಾರ ನಡೆಯುತ್ತಿತ್ತು.

“ಸರ್, ಮಿಶಿನ್ ಕೆಟ್ಟೈತಂತ್ರಿ, ಸೋಮವಾರ ಬರ್ರಿ ಅಂದಾರ,” ಎಂದನು. ಸ್ವಲ್ಪ ತಡೆದು ಮತ್ತೆ ಕೇಳಿದನು: “ಒಟ್ಟು ಡೋಸು ಅಷ್ಟೇ ಇರತೈತಿ ಅಂತಾರ. ಹಂಗಾದ್ರ ನಡುವ ನಾಕು ದಿನ ತಪ್ಪಿದ್ರ ಏನಾಗತೈತ್ರಿ ಸರ್?”

ಭೌತಶಾಸ್ತ್ರದ ಅಧ್ಯಾಪಕನಿಗೆ ಇದು ಸುಲಭವಾದ ಪ್ರಶ್ನೆಯೆಂದು ತೋರಬಹುದು. ಬಾವಿಯಿಂದ ಒಂದು ಕೊಡ ನೀರನ್ನು ಒಂದು ನಿಮಿಷದಲ್ಲಿ ಸೇದಿದರೂ ಹತ್ತು ನಿಮಿಷಗಳಲ್ಲಿ ಸೇದಿದರೂ ಮಾಡಿದ ಕೆಲಸ ಒಂದೇ ಎಂದು ತಾನೆ ನಾವು ಪಾಠ ಹೇಳುವುದು? ಆ ದಿನ ನಾವು ಹುಡುಗನಿಗೆ ಸಮಾಧಾನದ ಮಾತು ಹೇಳಿ ಕಳುಹಿಸಿದೆವು. ಮನೆಗೆ ಹೋಗಿ ಪುಸ್ತಕಗಳನ್ನು ತೆರೆದು ನೋಡಿದಾಗ, ನಾವು ಹೇಳಿದುದು ತಪ್ಪೆಂದು ತಿಳಿಯಿತು. ಆ ತಪ್ಪನ್ನು ತಿದ್ದಿಕೊಳ್ಳುವ ಯತ್ನವೇ ಈ ಲೇಖನ. ಆಸ್ಪತ್ರೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಯಂತ್ರವಿರುವ ಯಾವ ಊರಿನಲ್ಲಿಯೂ ಇಂಥದು ನಡೆಯಬಹುದು.

ಕಿರಣಗಳು ಮಾಡುವ ಕೆಲಸ

ವಿಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಕಿಲೋಗ್ರಾಂ ದ್ರವ್ಯವು ಒಂದು ಜೂಲಿನಷ್ಟು ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ದಿನಕ್ಕೆ ೨ ಗ್ರೇ ಎಂದರೆ ೩೩ ದಿನಗಳಿಗೆ ೬೬ ಗ್ರೇ ಆಯಿತು. ಈ ಶಕ್ತಿಯೆಲ್ಲವೂ ಒಮ್ಮೆಗೇ ಶಾಖವಾಗಿ ಮಾರ್ಪಟ್ಟಿತೆಂದು ಭಾವಿಸಿದರೂ ಅಂಗಾಂಶದ ಉಷ್ಣತೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಏರುತ್ತದೆ. ಒಂದು ಗುಟುಕು ಬಿಸಿ ಚಹದಿಂದ ಬಾಯಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಶಾಖ ಸಿಕ್ಕುತ್ತದೆ. ಹಾಗಿದ್ದೂ ಈ ಅಲ್ಪಶಕ್ತಿ ಗಡ್ಡೆಯನ್ನು ಕರಗಿಸಬಲ್ಲುದು. ಏಕೆಂದರೆ ಅದು ಶಾಖದಂತೆ ಎಲ್ಲೆಡೆ ಹರಡಿಹೋಗದೆ, ಬಿಡಿ ಬಿಡಿ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಆ ಎಲೆಕ್ಟ್ರಾನುಗಳು ಜೀವಕೋಶದ ಡಿ.ಎನ್.ಎ. ಎಳೆಗಳನ್ನು ಕತ್ತರಿಸುತ್ತವೆ. ಕತ್ತರಿಸಿದ ಎಳೆಗಳನ್ನು ಸರಿಯಾಗಿ ಕೂಡಿಸಿಕೊಳ್ಳಲಾರದ ಕೋಶವು ಮುಂದೆ ವಿಭಜನೆ ಹೊಂದಲಾರದೆ ಸಾಯುತ್ತದೆ.

ಆರೋಗ್ಯವಾದ ಕೋಶಗಳಿಗೂ ಪೆಟ್ಟು ಬೀಳುವುದುಂಟು. ಆದರೆ ಅವು ಸಾಮಾನ್ಯವಾಗಿ ಕ್ಯಾನ್ಸರ್ ಕೋಶಗಳಿಗಿಂತ ಚೆನ್ನಾಗಿ ತಮ್ಮನ್ನು ತಾವು ದುರಸ್ತಿ ಮಾಡಿಕೊಳ್ಳಬಲ್ಲವು. ಅವಕ್ಕೆ ಬಿಡುವು ದೊರೆಯಲೆಂದೇ ದಿನಕ್ಕಿಷ್ಟೆಂದು ಪಾಲು ಮಾಡಿ ಕೊಡುವ ಪದ್ಧತಿ ಬಂದಿತು.

ಬಿಡುವು ಗಡ್ಡೆಗೂ ಸಿಕ್ಕುತ್ತದೆ ಎಂಬಲ್ಲಿ ತೊಡಕಿದೆ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಸುಮ್ಮನಿರುವ ಉಳಿದ ಕ್ಯಾನ್ಸರ್ ಕೋಶಗಳು, ಸುಮಾರು ನಾಲ್ಕು ವಾರಗಳ ಬಳಿಕ, ಕೊಯ್ದ ಮೇಲೆ ಮತ್ತಷ್ಟು ರಭಸದಿಂದ ಚಿಗುರುವ ಕಳೆಯಂತೆ ಹೆಚ್ಚತೊಡಗುತ್ತವೆ. ಅಮೆರಿಕದ ವಿದರ್ಸ್ ಮತ್ತು ಸಂಗಡಿಗರು ೧೯೮೮ರಲ್ಲಿ ತಲೆ-ಕತ್ತಿನ ಕ್ಯಾನ್ಸರುಗಳ ಅನೇಕ ವರದಿಗಳನ್ನು ಒಟ್ಟುಗೂಡಿಸಿ ಈ ಬೆಳವಣಿಗೆಯನ್ನು ಅಳೆದರು. ನಾಲ್ಕು ವಾರಗಳಾದ ಮೇಲೆ ಪ್ರತಿ ಒಂದು ದಿನದ ವಿಳಂಬವನ್ನು ಸರಿದೂಗಿಸಲು ಸುಮಾರು ೦.೬ ಗ್ರೇ ಹೆಚ್ಚು ವಿಕಿರಣ ಬೇಕಾಗುತ್ತದೆಂದು ಅವರ ಲೆಕ್ಕ. ಮುಂದಿನ ಅಧ್ಯಯನಗಳು ಇದನ್ನೇ ಬೇರೆ ರೀತಿಯಲ್ಲಿ ಹೇಳಿದುವು: ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ತಡವಾದರೆ, ರೋಗ ಆ ಸ್ಥಳದಲ್ಲಿ ಹತೋಟಿಗೆ ಬರುವ ಸಂಭವ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಕುಗ್ಗುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿಯೂ ಚಿಕಿತ್ಸೆ ಎಂಟು ವಾರಗಳನ್ನು ಮೀರಿದರೆ ದಿನಕ್ಕೆ ನೂರಕ್ಕೆ ಒಂದರಂತೆ ನಷ್ಟ.

ನಮ್ಮ ವಿದ್ಯಾರ್ಥಿಯ ತಾಯಿಯ ಚಿಕಿತ್ಸೆ, ಯಂತ್ರದ ದುರಸ್ತಿ ಮತ್ತು ಅದರ ಬೆನ್ನಿಗೇ ಬಂದ ಹಬ್ಬದ ರಜೆಗಳ ಕಾರಣದಿಂದ, ಕೊನೆಗೆ ಎಂಟು ದಿನ ತಡವಾಗಿ ಮುಗಿಯಿತು. ೦.೬ನ್ನು ಎಂಟರಿಂದ ಗುಣಿಸಿದರೆ ೪.೮ ಗ್ರೇ. ಅಂದರೆ ೩೩ ಸಲ ಕೊಟ್ಟ ವಿಕಿರಣದಲ್ಲಿ ಎರಡೂವರೆ ಸಲದ್ದು ಕೊಡದೆ ಇದ್ದಂತೆಯೇ ಆಯಿತು. ಒಟ್ಟು ಪ್ರಮಾಣ ಒಂದೇ ಆದರೂ ಫಲ ಒಂದೇ ಅಲ್ಲ. ಬಾವಿಯ ನೀರಿನ ಉದಾಹರಣೆ ಇಲ್ಲಿ ಹೊಂದದು. ತೂತು ಬಿದ್ದ ಕೊಡಕ್ಕೆ ನೀರು ತುಂಬುವ ಉದಾಹರಣೆ ಹೊಂದೀತು.

ಎರಡು ಬಗೆಯ ಯಂತ್ರಗಳು

ಹೊರಗಿನಿಂದ ವಿಕಿರಣ ಕೊಡುವ ಯಂತ್ರಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಕೊಬಾಲ್ಟ್ ಯಂತ್ರ. ಕೊಬಾಲ್ಟ್-೬೦ ಎಂಬ ವಿಕಿರಣಶೀಲ ಧಾತು ತಾನಾಗಿಯೇ ಗ್ಯಾಮಾ ಕಿರಣಗಳನ್ನು ಸೂಸುತ್ತದೆ. ಇದರಿಂದ ರೋಗಿಗೆ ಮೊತ್ತಮೊದಲು ಚಿಕಿತ್ಸೆ ನಡೆದದ್ದು ಕೆನಡಾ ದೇಶದಲ್ಲಿ, ೧೯೫೧ರ ಅಕ್ಟೋಬರ್ ೨೭ರಂದು. ನಮ್ಮ ಭಾಭಾ ಪರಮಾಣು ಸಂಶೋಧನ ಕೇಂದ್ರವು ರೂಪಿಸಿದ ‘ಭಾಭಾಟ್ರಾನ್’ ಎಂಬ ದೇಶೀಯ ಕೊಬಾಲ್ಟ್ ಯಂತ್ರವು ೨೦೦೫ರಲ್ಲಿ ನವಿ ಮುಂಬಯಿಯಲ್ಲಿ ಮೊದಲು ಸ್ಥಾಪಿತವಾಯಿತು. ಈ ಯಂತ್ರದ ರಚನೆ ಸರಳ. ವಿದ್ಯುತ್ತಿನ ಏರಿಳಿತಗಳನ್ನು ಸಹಿಸಿಕೊಳ್ಳುತ್ತದೆ. ಆದರೆ ಕೊಬಾಲ್ಟಿನ ಅರ್ಧಾಯು ೫.೨೭ ವರ್ಷ. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಅದರ ಬಲ ಕುಂದುತ್ತ ಹೋಗುತ್ತದೆ. ಹೊಸದಾಗಿದ್ದಾಗ ಒಬ್ಬ ರೋಗಿಗೆ ೨ ನಿಮಿಷ ಕಿರಣ ಬೀಳಬೇಕಾಗಿದ್ದರೆ ಐದೂಕಾಲು ವರ್ಷಗಳ ಮೇಲೆ ೪ ನಿಮಿಷ ಬೇಕು. ದಿನಕ್ಕೆ ೪೦ ರೋಗಿಗಳಾದರೆ ೮೦ ನಿಮಿಷ ಹೆಚ್ಚಾಯಿತು. ಯಂತ್ರ ಕೆಡದಿದ್ದರೂ, ಯಾರೂ ರಜೆ ಹಾಕದಿದ್ದರೂ, ಪ್ರಕೃತಿಯ ನಿಯಮವೊಂದು ಆಸ್ಪತ್ರೆಯ ದಿನದಿಂದ ೮೦ ನಿಮಿಷಗಳನ್ನು ಸದ್ದಿಲ್ಲದೆ ಕದ್ದುಕೊಂಡಿತು. ಇದು ಮೊದಲೇ ತಿಳಿದಿರುವ ಸಂಗತಿಯಾದುದರಿಂದ, ಹೊಸ ಕೊಬಾಲ್ಟನ್ನು ತರಿಸುವ ಹಣವನ್ನೂ ಕಾಗದಪತ್ರಗಳನ್ನೂ ವರ್ಷಗಳ ಮುಂಚೆಯೇ ಅಣಿಮಾಡುವುದು ಆಡಳಿತದ ಕೆಲಸ.

ಎರಡನೆಯದು ರೇಖೀಯ ವೇಗೋತ್ಕರ್ಷಕ. ಆಸ್ಪತ್ರೆಯವರ ಮಾತಿನಲ್ಲಿ ‘ಲಿನ್ಯಾಕ್’. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ೧೯೫೩ರಲ್ಲಿ ಇದರ ಬಳಕೆ ಮೊದಲಾಯಿತು. ಸೂಕ್ಷ್ಮತರಂಗಗಳು ಎಲೆಕ್ಟ್ರಾನುಗಳನ್ನು ಹೊತ್ತೊಯ್ದು, ಒಂದಡಿಯಷ್ಟು ಉದ್ದದ ಲೋಹದ ನಳಿಗೆಯಲ್ಲಿಯೇ, ಬೆಳಕಿನ ವೇಗದ ನೂರರಲ್ಲಿ ೯೯.೭ ಪಾಲಿನ ವೇಗವನ್ನು ಕೊಡುತ್ತವೆ. ಆ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ತಗಡಿಗೆ ಬಡಿದಾಗ ಬಲವಾದ ಕ್ಷ-ಕಿರಣಗಳು ಹೊಮ್ಮುತ್ತವೆ. ಗುಂಡಿ ಆರಿಸಿದರೆ ಕಿರಣವೂ ನಿಲ್ಲುತ್ತದೆ. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ಕತ್ತರಿಸಿ ಕೊಡಬಹುದಾದುದರಿಂದ ಅಕ್ಕಪಕ್ಕದ ಅಂಗಗಳು ಉಳಿಯುತ್ತವೆ. ಆದರೆ ಇದಕ್ಕೆ ಸ್ಥಿರವಾದ ವಿದ್ಯುತ್ತು, ತಣ್ಣೀರಿನ ಸತತ ಹರಿವು, ನಿರ್ವಾತ, ತೇವವಿಲ್ಲದ ಗಾಳಿ ಎಲ್ಲವೂ ಬೇಕು. ಬೆಳಗಾವಿಯ ಆಷಾಢದ ಮಳೆಯಲ್ಲಿ ಗೋಡೆಗಳೇ ಬೆವರುವುದನ್ನು ಬಲ್ಲವರಿಗೆ, ಇಂಥ ಯಂತ್ರವನ್ನು ಒಣ ಕೋಣೆಯಲ್ಲಿ ಇಡುವುದೂ ಒಂದು ಕೆಲಸವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಷ್ಟು ಯಂತ್ರಗಳು ಬೇಕು?

ಬೆಳಗಾವಿ ಜಿಲ್ಲೆಯ ಜನಸಂಖ್ಯೆ ೨೦೧೧ರ ಗಣತಿಯಂತೆ ಸುಮಾರು ೪೭.೮ ಲಕ್ಷ. ಭಾರತದಲ್ಲಿ ೨೦೨೨ರಲ್ಲಿ ಲಕ್ಷ ಜನರಿಗೆ ಸುಮಾರು ನೂರು ಹೊಸ ಕ್ಯಾನ್ಸರ್ ರೋಗಿಗಳೆಂದು ಅಂದಾಜು ಮಾಡಲಾಯಿತು. ಈ ದರವನ್ನೇ ಹಿಡಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ೪,೭೮೦ ಹೊಸ ರೋಗಿಗಳು. ಇವರಲ್ಲಿ ಅರ್ಧದಷ್ಟು ಮಂದಿಗೆ ಎಂದಾದರೊಂದು ಹಂತದಲ್ಲಿ ವಿಕಿರಣ ಬೇಕು. ಸುಮಾರು ೨,೪೦೦ ಮಂದಿ ಎನ್ನೋಣ. ಒಂದು ಯಂತ್ರವು ದಿನಕ್ಕೆ ೪೦ ಸಲದಂತೆ ವರ್ಷದ ೨೫೦ ದಿನ ದುಡಿದರೆ ೧೦,೦೦೦ ಸಲ ಚಿಕಿತ್ಸೆ ಕೊಟ್ಟಂತಾಯಿತು. ಒಬ್ಬರಿಗೆ ಸರಾಸರಿ ೨೦ ಸಲವೆಂದರೆ ವರ್ಷಕ್ಕೆ ೫೦೦ ರೋಗಿಗಳು. ಆದುದರಿಂದ ಈ ಒಂದು ಜಿಲ್ಲೆಗೆ ಐದು ಯಂತ್ರಗಳಾದರೂ ಬೇಕು. ಇದು ಹಳೆಯ ಗಣತಿಯ ಲೆಕ್ಕ. ಕೊಲ್ಲಾಪುರ, ಸಿಂಧುದುರ್ಗ, ಗೋವೆಗಳ ಕಡೆಯಿಂದ ಬೆಳಗಾವಿಗೆ ಬರುವವರನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ನಗರದಲ್ಲಿ ಸೌಕರ್ಯ ಬೆಳೆಯುತ್ತಿದೆ ಎಂಬುದೇನೋ ಸಂತೋಷದ ಸಂಗತಿ. ಕೆ.ಎಲ್.ಇ. ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ೨೦೨೫ರ ಜನವರಿ ೩ರಂದು ಉದ್ಘಾಟಿಸಿದರು. ಹಿಂದೆ ಅನೇಕರು ಹುಬ್ಬಳ್ಳಿಗೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ, ಇಲ್ಲವೆ ೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗುತ್ತಿತ್ತು. ಆದರೆ ಕಟ್ಟಡವೂ ಯಂತ್ರವೂ ಬಂದ ಮಾತ್ರಕ್ಕೆ ಸೇವೆ ಪೂರ್ಣವಾಗುವುದಿಲ್ಲ. ಇದ್ದುದನ್ನು ನಡೆಸುವ ಬಗೆ ಎಂತಹದು ಎಂಬುದರ ಮೇಲೆ ಎಷ್ಟೋ ನಿಂತಿದೆ.

ಸಾಲಿನ ಗಣಿತ

೧೯೦೯ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು, ಕೋಪನ್‌ಹೇಗನ್ ನಗರದ ಟೆಲಿಫೋನು ಕಚೇರಿಯಲ್ಲಿ ಕರೆಗಳು ಏಕೆ ಕಾಯಬೇಕಾಗುತ್ತದೆಂಬುದನ್ನು ಲೆಕ್ಕ ಹಾಕಿದನು. ಅಲ್ಲಿಂದ ಹುಟ್ಟಿದ ಶಾಸ್ತ್ರವು ರೇಷನ್ ಅಂಗಡಿಗೂ ಆಸ್ಪತ್ರೆಗೂ ಅನ್ವಯಿಸುತ್ತದೆ. ಒಬ್ಬ ರೋಗಿಗೆ ಸರಾಸರಿ ೧೨ ನಿಮಿಷ ಹಿಡಿಯುವುದೆಂದೂ, ರೋಗಿಗಳು ಬರುವ ವೇಳೆಯೂ ಚಿಕಿತ್ಸೆಗೆ ಹಿಡಿಯುವ ವೇಳೆಯೂ ಗೊತ್ತುಗುರಿಯಿಲ್ಲದೆ ಹೆಚ್ಚುಕಡಿಮೆ ಆಗುವುದೆಂದೂ ಇಟ್ಟುಕೊಳ್ಳೋಣ. ಯಂತ್ರವು ದಿನದ ಅರ್ಧ ಹೊತ್ತು ದುಡಿಯುತ್ತಿದ್ದರೆ ಸರಾಸರಿ ಕಾಯುವಿಕೆ ೧೨ ನಿಮಿಷ. ನೂರಕ್ಕೆ ೮೦ರಷ್ಟು ದುಡಿದರೆ ೪೮ ನಿಮಿಷ. ೯೦ರಷ್ಟಾದರೆ ೧೦೮ ನಿಮಿಷ. ೯೫ರಷ್ಟಾದರೆ ೨೨೮ ನಿಮಿಷ; ಹತ್ತಿರ ಹತ್ತಿರ ನಾಲ್ಕು ಗಂಟೆ! ವೇಳೆ ಗೊತ್ತುಪಡಿಸಿ ಕರೆದರೆ ಈ ಅಂಕಿಗಳು ಇಳಿಯುತ್ತವೆ. ಆದರೆ ಯಂತ್ರದ ದಿನ ತುಂಬುತ್ತ ಬಂದಂತೆ ಸಾಲು ತಟ್ಟನೆ ಉದ್ದವಾಗುವ ಸ್ವಭಾವ ಹಾಗೆಯೇ ಉಳಿಯುತ್ತದೆ.

ಯಂತ್ರವನ್ನು ಒಂದು ನಿಮಿಷವೂ ಬಿಡುವಿಲ್ಲದೆ ದುಡಿಸುವುದೇ ದಕ್ಷತೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ದಿನಕ್ಕೆ ೪೦ ಮಂದಿಯ ಶಕ್ತಿಯಿರುವ ಯಂತ್ರದಲ್ಲಿ ೩೬ ಮಂದಿ ಚಿಕಿತ್ಸೆ ಪಡೆಯುತ್ತಿದ್ದಾರೆ ಎನ್ನೋಣ. ಅದು ಮೂರು ದಿನ ನಿಂತರೆ ೧೦೮ ಸಲದ ಚಿಕಿತ್ಸೆ ಬಾಕಿ ಬೀಳುತ್ತದೆ. ದಿನಕ್ಕೆ ಉಳಿದಿರುವ ೪ ಸ್ಥಾನಗಳಲ್ಲಿ ಈ ಬಾಕಿ ತೀರಲು ೨೭ ದಿನ ಬೇಕು. ಅಷ್ಟರಲ್ಲಿ ಎಷ್ಟೋ ಮಂದಿಯ ಚಿಕಿತ್ಸೆಯೇ ಮುಗಿಯುವ ಹೊತ್ತಾಗಿರುತ್ತದೆ. ದಿನಕ್ಕೆ ಎರಡು ಗಂಟೆ ಹೆಚ್ಚು ದುಡಿದರೆ ಇನ್ನೂ ೧೦ ಸ್ಥಾನಗಳು ದೊರೆತು ಎಂಟು ದಿನಗಳಲ್ಲಿ ಬಾಕಿ ತೀರುತ್ತದೆ. ಆದರೆ ಆ ಎರಡು ಗಂಟೆ ದುಡಿಯುವ ಕೈಗಳು ಬೇಕು.

ಬಾಕಿ ತೀರಿಸುವಾಗ ಯಾರಿಗೆ ಮೊದಲು? ಬ್ರಿಟನ್ನಿನ ವಿಕಿರಣ ವೈದ್ಯರ ರಾಯಲ್ ಕಾಲೇಜು ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿದೆ. ತಲೆ-ಕತ್ತು, ಗರ್ಭಕಂಠದಂತಹ ಬೇಗ ಬೆಳೆಯುವ ಕ್ಯಾನ್ಸರಿನವರು ಮೊದಲನೆಯ ವರ್ಗ. ಇವರ ಚಿಕಿತ್ಸೆ ಎರಡು ದಿನಗಳಿಗಿಂತ ಹೆಚ್ಚು ತಡವಾಗಕೂಡದು. ನಿಧಾನವಾಗಿ ಬೆಳೆಯುವ ರೋಗಗಳು ಎರಡನೆಯ ವರ್ಗ; ಐದು ದಿನಗಳ ವರೆಗೆ ಸಹ್ಯ. ತಪ್ಪಿದ ದಿನವನ್ನು ಶನಿವಾರವೋ ಭಾನುವಾರವೋ ಕೊಟ್ಟು ತುಂಬಿಕೊಳ್ಳಬಹುದು; ಇಲ್ಲವೆ ಆರು ಗಂಟೆಗಳಿಗೆ ಕಡಿಮೆಯಿಲ್ಲದ ಅಂತರವಿಟ್ಟು ಒಂದೇ ದಿನ ಎರಡು ಸಲ ಕೊಡಬಹುದು. ಇದಕ್ಕೆ ಹೊಸ ಯಂತ್ರವೇನೂ ಬೇಡ. ಯಾರ ಯಾರ ದಿನ ಎಷ್ಟು ತಪ್ಪಿತು ಎಂಬುದನ್ನು ಪ್ರತಿ ಸಂಜೆ ಬರೆದಿಡುವ ಒಂದು ದಫ್ತರ, ಅದನ್ನು ಪ್ರತಿ ಬೆಳಗ್ಗೆ ಓದುವ ಒಬ್ಬ ಅಧಿಕಾರಿ, ಇಷ್ಟಿದ್ದರೆ ಸಾಕು. ನಮ್ಮ ವಿದ್ಯಾರ್ಥಿಯ ತಾಯಿಗೆ ಹೇಳಿದ “ಸೋಮವಾರ ಬನ್ನಿ” ಎಂಬ ಮಾತು ಸಾಲಿನಲ್ಲಿದ್ದ ಎಲ್ಲರಿಗೂ ಹೇಳಿದ ಮಾತಾಗಿತ್ತು.

ದುರಸ್ತಿಯ ವಿಷಯದಲ್ಲಿಯೂ ಲೆಕ್ಕ ಸರಳ. ಯಂತ್ರವು ೬೦ ದಿನಗಳಿಗೊಮ್ಮೆ ಕೆಟ್ಟು, ರಿಪೇರಿಗೆ ೩ ದಿನ ಹಿಡಿದರೆ, ಅದು ನೂರಕ್ಕೆ ೯೫ ದಿನ ದೊರೆಯುತ್ತದೆ. ಬೇಗ ಸವೆಯುವ ಭಾಗಗಳನ್ನು ಮೊದಲೇ ತಂದಿಟ್ಟು ರಿಪೇರಿಯನ್ನು ಒಂದೇ ದಿನಕ್ಕೆ ಇಳಿಸಿದರೆ ನೂರಕ್ಕೆ ೯೮ಕ್ಕೂ ಹೆಚ್ಚು ದಿನ ದೊರೆಯುತ್ತದೆ. ಯಂತ್ರ ಕೆಡುವುದನ್ನು ನಾವು ತಪ್ಪಿಸಲಾರೆವು. ಬಿಡಿಭಾಗಕ್ಕಾಗಿ ಪತ್ರ ಬರೆಯುತ್ತ ಕೂಡುವುದನ್ನು ಖಂಡಿತ ತಪ್ಪಿಸಬಲ್ಲೆವು.

ಯಂತ್ರದ ಹಿಂದಿನ ಜನ

ವಿಕಿರಣ ವಿಭಾಗದಲ್ಲಿ ವೈದ್ಯರು ಮಾತ್ರವೇ ಇರುತ್ತಾರೆಂದು ಸಾಮಾನ್ಯರ ಭಾವನೆ. ರೋಗಿಯನ್ನು ದಿನವೂ ಕೂದಲೆಳೆಯಷ್ಟು ವ್ಯತ್ಯಾಸವಾಗದಂತೆ ಮಲಗಿಸಿ ಯಂತ್ರ ನಡೆಸುವವರು ತಂತ್ರಜ್ಞರು. ಬಾಯಿ ಹುಣ್ಣಾಗಿ ಅನ್ನ ಇಳಿಯದಾದಾಗ ನೋಡಿಕೊಳ್ಳುವವರು ದಾದಿಯರು. ಇವರಲ್ಲದೆ ಒಬ್ಬ ವೈದ್ಯಕೀಯ ಭೌತವಿಜ್ಞಾನಿಯೂ ಇರಲೇಬೇಕು. ಕಿರಣಗಳು ಯಾವ ದಿಕ್ಕಿನಿಂದ ಎಷ್ಟು ಬೀಳಬೇಕೆಂಬ ನಕ್ಷೆಯನ್ನು ತಯಾರಿಸುವುದೂ, ಯಂತ್ರವು ಕೊಡುತ್ತೇನೆಂದಷ್ಟನ್ನೇ ಕೊಡುತ್ತಿದೆಯೇ ಎಂದು ಅಳೆಯುವುದೂ ಇವರ ಹೊಣೆ.

ಈ ಹೊಣೆ ಎಂಥದೆಂಬುದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆ ಕೊಡಬಹುದು. ವಿಕಿರಣವನ್ನು ಅಳೆಯುವುದು ಅಯಾನು ಕೋಶವೆಂಬ ಪುಟ್ಟ ಉಪಕರಣದಿಂದ. ಅದರೊಳಗಿನ ಗಾಳಿಯಲ್ಲಿ ಹುಟ್ಟುವ ವಿದ್ಯುದಂಶವೇ ಅಳತೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರು ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆ. ಗಾಳಿ ತೆಳುವಾದಷ್ಟೂ ಉಪಕರಣ ಕಡಿಮೆ ತೋರಿಸುತ್ತದೆ. ಹವಾಮಾನ ವರದಿಗಳಲ್ಲಿ ಕೊಡುವ ಒತ್ತಡವು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿ ತಿದ್ದಿದ್ದು. ಆ ಅಂಕಿಯನ್ನೇ ನಂಬಿ ಲೆಕ್ಕ ಮಾಡಿದವನು ಯಂತ್ರ ಸೋತಿದೆಯೆಂದು ತಪ್ಪು ತಿಳಿದು, ಪ್ರತಿ ರೋಗಿಗೂ ನೂರಕ್ಕೆ ಒಂಬತ್ತರಷ್ಟು ಹೆಚ್ಚು ವಿಕಿರಣ ಕೊಟ್ಟಾನು! ಯಂತ್ರದ ದಿನನಿತ್ಯದ ಅಳತೆ ನೂರಕ್ಕೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಾಗಕೂಡದೆಂಬ ನಿಯಮವಿರುವಾಗ ಇದು ಎಷ್ಟು ದೊಡ್ಡ ತಪ್ಪೆಂಬುದನ್ನು ವಾಚಕರೇ ಊಹಿಸಬಹುದು. ಆಸ್ಪತ್ರೆಯಲ್ಲಿಯೇ ಒಂದು ಸರಿಯಾದ ವಾಯುಭಾರಮಾಪಕವಿರುವುದೂ, ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸುವುದೂ ಈ ಕಾರಣದಿಂದಲೇ ಅವಶ್ಯಕ.

ಒಬ್ಬರೇ ಭೌತವಿಜ್ಞಾನಿಯಿದ್ದು ಅವರು ನೂರರಲ್ಲಿ ೧೦ ದಿನ ರಜೆಯಲ್ಲಿದ್ದರೆ, ಆ ಹತ್ತು ದಿನ ಹೊಸ ರೋಗಿಗಳ ನಕ್ಷೆಗಳು ನಿಂತುಹೋಗುತ್ತವೆ. ಇಬ್ಬರಿದ್ದರೆ, ಇಬ್ಬರೂ ಒಮ್ಮೆಗೇ ಇಲ್ಲದಿರುವ ಸಂಭವ ನೂರಕ್ಕೆ ಒಂದು ಮಾತ್ರ. ಈ ಹುದ್ದೆಗೆ ಬೇಕಾದವರು ಬೇರೆಲ್ಲಿಂದಲೋ ಬರಬೇಕಾಗಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದವರು ವಿಕಿರಣ ಭೌತಶಾಸ್ತ್ರದಲ್ಲಿ ಡಿಪ್ಲೊಮಾ ಪಡೆದು, ಒಂದು ವರ್ಷ ಆಸ್ಪತ್ರೆಯಲ್ಲಿ ಅನುಭವ ಗಳಿಸಿದರೆ ಅರ್ಹರಾಗುತ್ತಾರೆ. ಮುಂಬಯಿಯ ಪರಮಾಣು ಕೇಂದ್ರದಲ್ಲಿ ಈ ಶಿಕ್ಷಣ ೧೯೬೨ರಿಂದ ನಡೆದುಬಂದಿದೆ. ಹೀಗೊಂದು ವೃತ್ತಿಯಿದೆಯೆಂದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸದೆ ಇರುವುದು ನಮ್ಮಂತಹ ಅಧ್ಯಾಪಕರ ತಪ್ಪು.

ಖಾನಾಪುರದಿಂದ ಬೆಳಗಾವಿಗೆ

ಆಸ್ಪತ್ರೆಯ ಒಳಗೆ ಎಲ್ಲವೂ ಸರಿಯಿದ್ದರೂ ದಿನಗಳು ತಪ್ಪುವುದುಂಟು. ಖಾನಾಪುರದಿಂದ ಬೆಳಗಾವಿಗೆ ಸುಮಾರು ೨೬ ಕಿಲೋಮೀಟರು. ಹೋಗಿಬರುವುದು ೫೨, ೩೩ ಸಲವೆಂದರೆ ೧,೭೦೦ ಕಿಲೋಮೀಟರನ್ನು ಮೀರುತ್ತದೆ. ನೆರೆಯ ನಗರದ ಚಿಕಿತ್ಸೆಗಾಗಿ ರೋಗಿ ಪಯಣಿಸುವ ದೂರ ಬೆಳಗಾವಿಯಿಂದ ಬೆಂಗಳೂರಿಗೆ ಮೂರು ಸಲ ಹೋದುದಕ್ಕಿಂತ ಹೆಚ್ಚು. ಇದು ಪಟ್ಟಣದವರ ಲೆಕ್ಕ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯವರೂ, ಭೀಮಗಡದ ಕಾಡಿನೊಳಗಿನ ಹಳ್ಳಿಗಳವರೂ ಮಳೆಗಾಲದಲ್ಲಿ ಮೊದಲು ಹಳ್ಳ ದಾಟಿ, ನಡೆದು, ಬಸ್ಸಿನ ರಸ್ತೆಯನ್ನು ಸೇರಬೇಕು. ೨೦೧೮ರಲ್ಲಿ ಮೊದಲಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಿಂದ ಅನೇಕರ ಚಿಕಿತ್ಸೆಯ ವೆಚ್ಚ ಹಗುರವಾಗಿದೆ. ಆದರೆ ಜೊತೆಗೆ ಬರುವ ಮಗನ ಏಳು ವಾರಗಳ ಕೂಲಿಯನ್ನು ಯಾರೂ ಕೊಡುವುದಿಲ್ಲ.

ಇದಕ್ಕೆ ಪರಿಹಾರಗಳು ದೊಡ್ಡವೇನಲ್ಲ. ಆಸ್ಪತ್ರೆಯ ಸಮೀಪದಲ್ಲಿ ಅಗ್ಗದ ವಸತಿಗೃಹವೊಂದಿದ್ದರೆ ದೂರದ ಹಳ್ಳಿಯವರು ಅಲ್ಲಿಯೇ ತಂಗಬಹುದು. ದಿನವೂ ಬಂದುಹೋಗುವವರಿಗೆ ಬಸ್ಸು ರೈಲುಗಳ ವೇಳೆ ನೋಡಿ ನಡುಹಗಲಿನ ಸ್ಥಾನಗಳನ್ನು ಕೊಡಬಹುದು. ರೋಗಿಗೆ ಕೊಡುವ ಸೂಚನೆಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರಬೇಕು. ಖಾನಾಪುರದ ಎಷ್ಟೋ ಮನೆಗಳಲ್ಲಿ ಮರಾಠಿ ಮನೆಮಾತು. ಒಂದು ದಿನ ಬಾರದ ರೋಗಿಗೆ ಅಂದೇ ಫೋನು ಮಾಡಿ ಕಾರಣ ಕೇಳುವ ಒಬ್ಬ ಸಮಾಜಕಾರ್ಯಕರ್ತರು ಇರಬೇಕು. ಬಾಯಿಯ ಶಸ್ತ್ರಚಿಕಿತ್ಸೆಯಾದ ಆರು ವಾರಗಳೊಳಗೆ ವಿಕಿರಣ ಮೊದಲಾಗಬೇಕೆಂಬುದು ವೈದ್ಯರ ನಿಯಮ. ಪ್ರಯೋಗಶಾಲೆಯ ವರದಿ ತಡವಾಗಿ ಆ ವಾರಗಳು ಸೋರಿಹೋಗದಂತೆ ನೋಡುವುದೂ ಈ ಕಾರ್ಯಕರ್ತರ ಕೆಲಸವಾಗಬಹುದು. ಔಷಧಚಿಕಿತ್ಸೆಯನ್ನಂತೂ ರೋಗಿಯ ಹತ್ತಿರಕ್ಕೇ ಒಯ್ಯಬಹುದು. ಜಿಲ್ಲಾಸ್ಪತ್ರೆಗಳಲ್ಲಿ ಹಗಲು ಚಿಕಿತ್ಸಾ ಕೇಂದ್ರಗಳನ್ನು ತೆರೆಯುವುದಾಗಿ ಕೇಂದ್ರ ಸರ್ಕಾರವು ೨೦೨೫–೨೬ರ ಮುಂಗಡಪತ್ರದಲ್ಲಿ ಸಾರಿತು.

ಎಲ್ಲಕ್ಕಿಂತ ಮೇಲಾದುದು ರೋಗವನ್ನು ಬೇಗ ಕಾಣುವುದು. ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಬೆಳಕಿನಲ್ಲಿ ನೋಡಿದುದರಿಂದ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ಇಳಿಯಿತೆಂದು ೨೦೦೫ರಲ್ಲಿ ಪ್ರಕಟವಾಯಿತು. ಇದಕ್ಕೆ ಬೇಕಾದ ಉಪಕರಣ ಒಂದು ಬ್ಯಾಟರಿ ದೀಪ ಮಾತ್ರ. ತಂಬಾಕಿನ ಪೇಟೆಯೆಂದು ಹೆಸರಾದ ನಿಪ್ಪಾಣಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಖಾನಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥ ತಪಾಸಣೆ ತಪ್ಪದೆ ನಡೆದರೆ, ಎಷ್ಟೋ ಮಂದಿಗೆ ೩೩ ದಿನಗಳ ಯಾತ್ರೆಯೇ ಬೇಕಾಗದು.

ಕೊನೆಯ ಮಾತು

ನಮ್ಮ ವಿದ್ಯಾರ್ಥಿಯ ತಾಯಿಗೆ ಒಂದೂವರೆ ವರ್ಷದ ಮೇಲೆ ರೋಗ ಮರುಕಳಿಸಿತು. ಆಕೆ ಉಳಿಯಲಿಲ್ಲ. ತಪ್ಪಿದ ಎಂಟು ದಿನಗಳೇ ಅದಕ್ಕೆ ಕಾರಣವೇ? ಹಾಗೆಂದು ಯಾರೂ ಹೇಳಲಾರರು. ದಿನ ತಪ್ಪದವರಲ್ಲಿಯೂ ಕೆಲವರಿಗೆ ರೋಗ ಮರಳುತ್ತದೆ. ತಪ್ಪಿದವರಲ್ಲಿಯೂ ಹಲವರು ಗುಣವಾಗುತ್ತಾರೆ. ಸಂಖ್ಯಾಶಾಸ್ತ್ರವು ಒಬ್ಬ ವ್ಯಕ್ತಿಯ ವಿಷಯದಲ್ಲಿ ಮೌನವಾಗಿರುತ್ತದೆ. ಆದರೆ ಆಕೆಯಂತಹ ನೂರು ಮಂದಿಗೆ ಎಂಟು ದಿನ ತಪ್ಪಿದರೆ, ಅವರಲ್ಲಿ ಎಂಟರಿಂದ ಹನ್ನೆರಡು ಮಂದಿಗೆ, ತಪ್ಪದಿದ್ದರೆ ಮರಳದಿದ್ದ ರೋಗ ಮರಳುತ್ತದೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆ ಮಂದಿ ಯಾರೆಂದು ತಿಳಿಯದಿರುವುದರಿಂದಲೇ ಅವರಿಗಾಗಿ ಯಾರೂ ದೂರು ಕೊಡುವುದಿಲ್ಲ.

ಆದುದರಿಂದ ಕ್ಯಾನ್ಸರ್ ಆಸ್ಪತ್ರೆಯನ್ನು ಕುರಿತು ಕೇಳುವಾಗ, ಅಲ್ಲಿ ಎಷ್ಟು ಹಾಸಿಗೆಗಳಿವೆ, ಎಷ್ಟು ಬೆಲೆಯ ಯಂತ್ರವಿದೆ ಎಂದು ಕೇಳಿದರೆ ಸಾಲದು. ಕಳೆದ ತಿಂಗಳು ರೋಗಿಗಳಿಗೆ ಒಟ್ಟು ಎಷ್ಟು ದಿನ ತಪ್ಪಿತು, ಅದರಲ್ಲಿ ಎಷ್ಟನ್ನು ತುಂಬಿಕೊಡಲಾಯಿತು ಎಂದೂ ಕೇಳಬೇಕು. ಆ ಹುಡುಗನು ಅಂದು ಕೇಳಿದ ಪ್ರಶ್ನೆಯನ್ನು ಈಗ ನಾವು ಪ್ರತಿ ವರ್ಷವೂ ಅರ್ಧಾಯುವಿನ ಪಾಠ ಮುಗಿದ ದಿನ ತರಗತಿಯ ಮುಂದಿಡುತ್ತೇವೆ. ಕೊಡದಲ್ಲಿ ತೂತಿದೆಯೆಂಬುದನ್ನು ಹೆಚ್ಚಿನ ವರ್ಷಗಳಲ್ಲಿ ಯಾರಾದರೊಬ್ಬರು ಕಂಡುಹಿಡಿಯುತ್ತಾರೆ.